ಹಳೆಯ ಕಂಪ್ಯೂಟರಿನ ಇಮೇಲ್ ಮತ್ತು ವಿಳಾಸಗಳನ್ನು ಹೊಸದಕ್ಕೆ ಸಾಗಿಸುವ ಬಗೆ

ಮಂಡ್ಯದ ನಮ್ಮ ಮಾವನವರ ಮನೆಯ ನಡುಮನೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರೊಂದು ಮೊನ್ನೆ ಮೊನ್ನೆಯವರೆಗೂ ವಾರಕ್ಕೆರಡು ಸಲ ಚಾಲೂ ಆಗುತ್ತಿತ್ತು. ಅದಕ್ಕೆ ಇಂಟರ್ನೆಟ್ ಸಂಪರ್ಕವಿರಲಿಲ್ಲ. ಹೊಸ ಪತ್ರ ಬರುವ ಮಾತೂ ಇರಲಿಲ್ಲ. ಆದರೆ ಪಿಂಚಣಿಯ ಪತ್ರವ್ಯವಹಾರ, ಮೈಸೂರಿನ ಸೈಟಿನ ಸ್ಕ್ಯಾನ್ ಪ್ರತಿಗಳು, ಅಮೆರಿಕದಲ್ಲಿರುವ ತಮ್ಮ ಬರೆದ ಪತ್ರಗಳು ಮತ್ತು ನಾನೂರಕ್ಕೂ ಹೆಚ್ಚು ಜನರ ವಿಳಾಸಗಳು ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಹಳೆಯ ತಂತ್ರಾಂಶದೊಳಗೆ ಉಳಿದುಕೊಂಡಿದ್ದುದರಿಂದ, ಯಾರದಾದರೂ ನಂಬರು ಬೇಕಾದಾಗಲೆಲ್ಲ ಅವರು ಆ ಯಂತ್ರದ ಮುಂದೆ ಕೂರುತ್ತಿದ್ದರು. ಅದನ್ನೆಲ್ಲ ಹೊಸ ಲ್ಯಾಪ್‌ಟಾಪಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಭಾನುವಾರದಲ್ಲಿ ಮುಗಿಸುತ್ತೇನೆಂದು ಮೈಸೂರಿನಿಂದ ಹೊರಟವನಿಗೆ ಮೂರು ಭಾನುವಾರ ಹಿಡಿಯಿತು. ಹೆಚ್ಚಿಗೆ ಹಿಡಿದ ಆ ಎರಡು ಭಾನುವಾರಗಳಾದರೂ ಓದುಗರಿಗೆ ಉಳಿಯಲಿ ಎಂದು, ಕೆಲಸವನ್ನು ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ ಕೊಡುತ್ತಿದ್ದುದು 2020ರ ಜನವರಿ 14ರಂದು ಮತ್ತು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹೀಗಾಗಿ ಯಂತ್ರ ಬದಲಿಸುತ್ತಿರುವ ಮನೆಗಳು ಈಗ ಬಹಳ. ಬದಲಿಸುವಾಗ ಫೋಟೋಗಳನ್ನೂ ದಾಖಲೆಗಳನ್ನೂ ಯಾರೂ ಮರೆಯುವುದಿಲ್ಲ, ಏಕೆಂದರೆ ಅವು ಕಣ್ಣಿಗೆ ಕಾಣುವ ಫೋಲ್ಡರಿನಲ್ಲಿರುತ್ತವೆ. ಮೇಲ್‌ಗಳು ಮಾತ್ರ ಕಣ್ಣಿಗೆ ಬೀಳದ ಜಾಗದಲ್ಲಿರುತ್ತವೆ, ಅಂಗಡಿಯ ಹುಡುಗ ನಿಮ್ಮ 'ಮೈ ಡಾಕ್ಯುಮೆಂಟ್ಸ್' ಅನ್ನು ಪೂರ್ತಿ ನಕಲಿಸಿಕೊಟ್ಟರೂ ಅವು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ.

ಮೊದಲು ತಿಳಿಯಬೇಕಾದದ್ದು

ಪತ್ರಗಳು ನಿಜವಾಗಿಯೂ ಹಳೆಯ ಯಂತ್ರದಲ್ಲಿವೆಯೇ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನೀವು ಬ್ರೌಸರಿನಲ್ಲಿ ಜಿಮೇಲ್ ತೆರೆದು ಓದುವವರಾದರೆ ಪತ್ರಗಳು ಗೂಗಲ್ಲಿನ ಸರ್ವರಿನಲ್ಲಿವೆ. ಹೊಸ ಯಂತ್ರದಲ್ಲಿ ಲಾಗಿನ್ ಆದರೆ ಸಾಕು, ಮುಂದಿನದನ್ನು ಓದುವ ಅಗತ್ಯವೂ ಇಲ್ಲ. ತಂತ್ರಾಂಶವೊಂದರ ಮೂಲಕ ಓದುತ್ತಿದ್ದವರು ಅದರ ಅಕೌಂಟ್ ವಿವರದಲ್ಲಿ ಪಾಪ್ ಎಂದಿದೆಯೋ ಐಮ್ಯಾಪ್ ಎಂದಿದೆಯೋ ನೋಡಬೇಕು. ಐಮ್ಯಾಪ್‌ನಲ್ಲಿ ಮೂಲ ಪ್ರತಿ ಸರ್ವರಿನಲ್ಲಿಯೇ ಇದ್ದು, ಕಂಪ್ಯೂಟರು ಅದರ ನೆರಳನ್ನಷ್ಟೇ ತೋರಿಸುತ್ತದೆ. ಪಾಪ್ ಹಾಗಲ್ಲ: ಪತ್ರವನ್ನು ಮನೆಗೆ ಇಳಿಸಿಕೊಂಡು, ಬೇಡವೆಂದು ಹೇಳದಿದ್ದರೆ, ಸರ್ವರಿನಿಂದ ಅಳಿಸಿಬಿಡುತ್ತದೆ. ಅಂಚೆಯವನು ಕೊಟ್ಟುಹೋದ ಕಾಗದ ಪುನಃ ಅಂಚೆ ಕಚೇರಿಯಲ್ಲಿ ಸಿಗದಿರುವಂತೆ, ಪಾಪ್ ಬಳಸಿದವರ ಹಳೆಯ ಪತ್ರಗಳು ಜಗತ್ತಿನಲ್ಲಿ ಆ ಒಂದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇರುತ್ತವೆ. ಐಮ್ಯಾಪ್ ಬಳಸುವವರು ಸಹ ಎಡಬದಿಯ ಪಟ್ಟಿಯಲ್ಲಿ 'ಲೋಕಲ್ ಫೋಲ್ಡರ್ಸ್' ಎಂಬುದರೊಳಗೆ ಏನಾದರೂ ಎತ್ತಿಟ್ಟಿದ್ದಾರೆಯೇ ಎಂದು ಇಣುಕುವುದು ಒಳ್ಳೆಯದು, ಅಲ್ಲಿರುವುದು ಸರ್ವರಿಗೆ ಸೇರಿದ್ದಲ್ಲ.

ಫೈಲುಗಳು ಇರುವ ಜಾಗ

ಔಟ್‌ಲುಕ್ ಎಕ್ಸ್‌ಪ್ರೆಸ್ ಪ್ರತಿಯೊಂದು ಫೋಲ್ಡರನ್ನೂ ಡಿಬಿಎಕ್ಸ್ ಎಂಬ ಒಂದೊಂದು ಫೈಲಾಗಿ ಇಡುತ್ತದೆ. ಅವು ಎಲ್ಲಿವೆ ಎಂದು ಹುಡುಕಾಡುವ ಬದಲು 'ಟೂಲ್ಸ್' ಮೆನುವಿನ 'ಆಪ್ಷನ್ಸ್'ಗೆ ಹೋಗಿ, 'ಮೇಂಟೆನೆನ್ಸ್' ಪುಟದಲ್ಲಿ 'ಸ್ಟೋರ್ ಫೋಲ್ಡರ್' ಗುಂಡಿ ಒತ್ತಿದರೆ ಉದ್ದನೆಯ ವಿಳಾಸವೊಂದು ಕಾಣುತ್ತದೆ. ಅದನ್ನು ಪೂರ್ತಿ ನಕಲಿಸಿಕೊಂಡು 'ಸ್ಟಾರ್ಟ್' ಮೆನುವಿನ 'ರನ್' ಪೆಟ್ಟಿಗೆಯಲ್ಲಿ ಅಂಟಿಸಿದರೆ ನೇರವಾಗಿ ಆ ಜಾಗವೇ ತೆರೆದುಕೊಳ್ಳುತ್ತದೆ. ವಿಳಾಸ ಪುಸ್ತಕ ಬೇರೆಯೇ ಕಡೆ, ಡಬ್ಲ್ಯೂಎಬಿ ಎಂಬ ವಿಸ್ತರಣೆಯುಳ್ಳ ಒಂದೇ ಫೈಲಾಗಿರುತ್ತದೆ. ವಿಂಡೋಸ್ ವಿಸ್ತಾದ ವಿಂಡೋಸ್ ಮೇಲ್ ಮತ್ತು ಆ ಮೇಲೆ ಬಂದ ವಿಂಡೋಸ್ ಲೈವ್ ಮೇಲ್ ಪ್ರತಿ ಪತ್ರವನ್ನೂ ಇಎಂಎಲ್ ಎಂಬ ಬಿಡಿ ಫೈಲಾಗಿಯೇ ಇಡುವುದರಿಂದ ಅವುಗಳನ್ನು ಬಳಸಿದವರ ಅರ್ಧ ಕೆಲಸ ಆಗಲೇ ಮುಗಿದಂತೆ. ಆಫೀಸಿನ ಜೊತೆ ಬರುವ ದೊಡ್ಡ ಔಟ್‌ಲುಕ್‌ನದು ಪಿಎಸ್‌ಟಿ ಫೈಲು. ಹೆಸರು ಹತ್ತಿರವಿದ್ದರೂ ಔಟ್‌ಲುಕ್ ಮತ್ತು ಔಟ್‌ಲುಕ್ ಎಕ್ಸ್‌ಪ್ರೆಸ್ ಬೇರೆ ಬೇರೆ ತಂತ್ರಾಂಶಗಳೆಂಬುದನ್ನು ನೆನಪಿಡಬೇಕು, ಅಂತರ್ಜಾಲದಲ್ಲಿ ಸಿಗುವ ಅರ್ಧದಷ್ಟು ಗೊಂದಲಕ್ಕೆ ಈ ಹೆಸರುಗಳೇ ಮೂಲ.

ಏನನ್ನೂ ಮುಟ್ಟುವ ಮೊದಲು ನಕಲು

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮೊದಲ ಭಾನುವಾರ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು ಮುಚ್ಚುವಾಗ, ಜಾಗ ಉಳಿಸಲು ಪತ್ರಗಳನ್ನು ಒತ್ತಾಗಿ ಜೋಡಿಸಲೇ ಎಂದು ಅದು ಕೇಳಿತು. ಇದು ತೆರೆದು ಮುಚ್ಚುವ ಲೆಕ್ಕ ನೂರಾದಾಗ ಅದು ತಾನಾಗಿಯೇ ಕೇಳುವ ಪ್ರಶ್ನೆ. ಒಳ್ಳೆಯದೇ ಆಯಿತೆಂದು 'ಓಕೆ' ಒತ್ತಿದೆ. ಅರ್ಧಕ್ಕೆ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ಎಷ್ಟು ವರ್ಷವಾಗಿತ್ತೋ, ಒಮ್ಮೆ ಕುಂಯ್ ಎಂದು ಅದೂ ಸುಮ್ಮನಾಯಿತು. ಕರೆಂಟು ಬಂದ ಮೇಲೆ ತೆರೆದರೆ ಇನ್‌ಬಾಕ್ಸ್‌ನಲ್ಲಿ ಸೊನ್ನೆ ಪತ್ರಗಳು. ಮಾವನವರು ಏನೂ ಅನ್ನಲಿಲ್ಲ, ಕಾಫಿ ತರುತ್ತೇನೆಂದು ಒಳಗೆ ಹೋದರು. ಕಸದ ಬುಟ್ಟಿಯಲ್ಲಿ, ಅಂದರೆ ರೀಸೈಕಲ್ ಬಿನ್‌ನಲ್ಲಿ, ಹಿಂದೊಮ್ಮೆ ಹೀಗೆಯೇ ಒತ್ತುಮಾಡಿದಾಗ ತಂತ್ರಾಂಶ ಎತ್ತಿಟ್ಟಿದ್ದ ಬ್ಯಾಕ್ ಎಂಬ ವಿಸ್ತರಣೆಯ ಪ್ರತಿ ಸಿಕ್ಕಿ, ಅದರ ಕೊನೆಯ ಮೂರಕ್ಷರವನ್ನು ಡಿಬಿಎಕ್ಸ್ ಎಂದು ಬದಲಿಸಿ ಹಾಕಿದ್ದರಿಂದ ಬಹುಪಾಲು ಪತ್ರಗಳು ಮರಳಿದವು. ಆ ಪ್ರತಿಯ ನಂತರ ಸೇರಿದ್ದ ಕೆಲವು ಹೋದವು.

ಆದ್ದರಿಂದ ತಂತ್ರಾಂಶವನ್ನು ಮುಚ್ಚಿ, ಮೇಲೆ ಹೇಳಿದ ಸ್ಟೋರ್ ಫೋಲ್ಡರನ್ನು ಇಡಿಯಾಗಿ ಮತ್ತು ಡಬ್ಲ್ಯೂಎಬಿ ಫೈಲನ್ನು ಪೆನ್‌ಡ್ರೈವಿಗೆ ನಕಲಿಸುವುದೇ ಮೊಟ್ಟಮೊದಲ ಕೆಲಸ. ಒತ್ತುಮಾಡಲೇ ಎಂದು ಕೇಳಿದರೆ ಬೇಡವೆನ್ನಿ. ಎಲ್ಲ ಹಂತಗಳಲ್ಲಿಯೂ 'ಕಾಪಿ' ಮಾಡಬೇಕೇ ಹೊರತು 'ಕಟ್' ಅಥವಾ 'ಮೂವ್' ಎಂಬುದನ್ನು ಮುಟ್ಟಬಾರದು. ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದಲ್ಲಿದ್ದರೆ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲನ್ನು ಅದು ಸ್ವೀಕರಿಸುವುದಿಲ್ಲ. 32 ಜಿಬಿ ಖಾಲಿಯಿದ್ದರೂ ಜಾಗವಿಲ್ಲವೆಂಬಂತೆ ಹಟ ಹಿಡಿಯುವುದಕ್ಕೆ ಇದೇ ಕಾರಣ. ಡಿಬಿಎಕ್ಸ್ ಫೈಲುಗಳು 2 ಜಿಬಿಯ ಒಳಗೇ ಇರುವುದರಿಂದ ಅವಕ್ಕೆ ಈ ತೊಂದರೆಯಿಲ್ಲ, ದೊಡ್ಡ ಪಿಎಸ್‌ಟಿ ಇರುವವರು ವಿಂಡೋಸ್ 7 ಅಥವಾ ಅದಕ್ಕಿಂತ ಹೊಸ ಯಂತ್ರದಲ್ಲಿ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ಹಿಂದೆ ಸಿಡಿಗೆ ಬರೆದಿಟ್ಟ ಡಿಬಿಎಕ್ಸ್ ಫೈಲುಗಳನ್ನು ಈಗ ಬಳಸುವವರು, ಸಿಡಿಯಿಂದ ನಕಲಿಸಿದ ಫೈಲುಗಳಿಗೆ 'ರೀಡ್ ಓನ್ಲಿ' ಗುರುತು ಅಂಟಿಕೊಂಡಿರುತ್ತದೆಂಬುದನ್ನು ಮರೆಯಬಾರದು; ಪ್ರಾಪರ್ಟೀಸ್‌ನಲ್ಲಿ ಅದನ್ನು ತೆಗೆಯದೆ ಔಟ್‌ಲುಕ್ ಎಕ್ಸ್‌ಪ್ರೆಸ್ ಅವುಗಳನ್ನು ತೆರೆಯುವುದಿಲ್ಲ.

ಪತ್ರಗಳನ್ನು ಬಿಡಿಸಿಕೊಳ್ಳುವುದು

ಹಳೆಯ ಯಂತ್ರದಿಂದಲೇ ನೇರವಾಗಿ ಜಿಮೇಲಿಗೆ ಏರಿಸಿಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು, ಎರಡನೆಯ ಭಾನುವಾರ ಅದರಲ್ಲಿಯೇ ಕಳೆಯಿತು. ಇಂದಿನ ಮೇಲ್ ಸರ್ವರುಗಳು ಬಯಸುವ ಟಿಎಲ್ಎಸ್ 1.2 ಎಂಬ ಸುರಕ್ಷಿತ ಸಂಪರ್ಕದ ಕ್ರಮ ಎಕ್ಸ್‌ಪಿಗೆ ತಿಳಿಯದು, ಗೂಗಲ್ಲಿನ ಈಗಿನ ಲಾಗಿನ್ ವಿಧಾನ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ತಿಳಿಯದು. ಆ ದಾರಿಯನ್ನು ಬಿಟ್ಟುಬಿಡಿ.

ಕೆಲಸ ಮಾಡುವ ದಾರಿ ಹಳೆಯ ಕಾಲದ್ದೇ. ಹಳೆಯ ಯಂತ್ರದ ಸಿ ಡ್ರೈವಿನಲ್ಲಿಯೇ 'ಮೇಲ್' ಎಂಬಂತಹ ಚಿಕ್ಕ ಹೆಸರಿನ ಫೋಲ್ಡರೊಂದನ್ನು ಮಾಡಿ, ಅದರೊಳಗೆ ಇನ್‌ಬಾಕ್ಸ್, ಸೆಂಟ್ ಇತ್ಯಾದಿ ಹೆಸರಿನ ಒಳಫೋಲ್ಡರುಗಳನ್ನು ಮಾಡಿಕೊಳ್ಳಿ. ಚಿಕ್ಕ ಹೆಸರೇ ಏಕೆಂದರೆ, ಹೊರತೆಗೆದ ಪ್ರತಿ ಪತ್ರಕ್ಕೂ ಅದರ ವಿಷಯದ ಸಾಲೇ ಫೈಲಿನ ಹೆಸರಾಗುತ್ತದೆ. ವಿಂಡೋಸ್‌ನಲ್ಲಿ ಜಾಗದ ವಿಳಾಸವೂ ಹೆಸರೂ ಕೂಡಿ ಸಾಮಾನ್ಯವಾಗಿ 260 ಅಕ್ಷರ ಮೀರುವಂತಿಲ್ಲವಾದ್ದರಿಂದ, ಹತ್ತು ಸಲ ಫಾರ್ವರ್ಡ್ ಆದ ಶುಭಾಶಯ ಪತ್ರವೊಂದು ಸಾಲನ್ನೆಲ್ಲ ನಿಲ್ಲಿಸಿಬಿಡಬಹುದು. ಈಗ ತಂತ್ರಾಂಶದ ಕಿಟಕಿಯನ್ನೂ ಈ ಫೋಲ್ಡರಿನ ಕಿಟಕಿಯನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು, ಇನ್‌ಬಾಕ್ಸಿನ ಪತ್ರಗಳನ್ನು ಕಂಟ್ರೋಲ್ ಮತ್ತು ಎ ಒತ್ತಿ ಆರಿಸಿ, ಮೌಸ್‌ನಿಂದ ಎಳೆದು ಫೋಲ್ಡರಿನೊಳಗೆ ಬಿಟ್ಟರೆ ಪ್ರತಿಯೊಂದು ಪತ್ರವೂ ಲಗತ್ತುಗಳ ಸಮೇತ ಒಂದೊಂದು ಇಎಂಎಲ್ ಫೈಲಾಗಿ ಬೀಳುತ್ತದೆ. ಒಳಫೋಲ್ಡರುಗಳು ತಾವಾಗಿ ಬರುವುದಿಲ್ಲ, ಒಂದೊಂದಕ್ಕೂ ಇದನ್ನೇ ಮಾಡಬೇಕು. ಸಾವಿರಾರು ಪತ್ರಗಳಿದ್ದರೆ ಕೆಲವು ನೂರರಂತೆ ಎಳೆಯುವುದು ಲೇಸು, ಹಳೆಯ ಯಂತ್ರದ ಉಸಿರು ಅಷ್ಟೇ. ಪ್ರತಿ ಫೋಲ್ಡರಿನಲ್ಲಿ ಎಷ್ಟು ಪತ್ರಗಳಿವೆಯೆಂದು ತಂತ್ರಾಂಶದ ಕೆಳಪಟ್ಟಿ ತೋರಿಸುತ್ತದೆ; ಆ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಾನು ಬರೆದುಕೊಂಡದ್ದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಇದರ ಉಪಯೋಗ ಮುಂದೆ ಬರುತ್ತದೆ. ಉತ್ತರಿಸಿದ್ದೇನೆಂಬ ಬಾಣದ ಗುರುತುಗಳು ಈ ವಿಧಾನದಲ್ಲಿ ಉಳಿಯುವುದಿಲ್ಲವೆಂಬ ಕೊರತೆ ಇದೆ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ನಷ್ಟವಲ್ಲ, ಏಕೆಂದರೆ ಇಎಂಎಲ್ ಯಾವ ಒಂದು ಕಂಪನಿಯ ತಂತ್ರಾಂಶಕ್ಕೂ ಕಟ್ಟುಬಿದ್ದುದಲ್ಲ, ಮುಂದೆ ಮತ್ತೆ ಯಂತ್ರ ಬದಲಿಸುವಾಗ ಈ ಎಳೆದಾಟ ಇರುವುದಿಲ್ಲ.

ಹೊಸ ಯಂತ್ರದಲ್ಲಿ ಉಚಿತವಾಗಿ ಸಿಗುವ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶವನ್ನು ಹಾಕಿಕೊಂಡು, ಅದರೊಳಗಿನ ಆಡ್-ಆನ್‌ಗಳ, ಅಂದರೆ ಹೆಚ್ಚುವರಿ ಸಲಕರಣೆಗಳ, ಪುಟದಿಂದ 'ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ' ಎಂಬುದನ್ನು ಸೇರಿಸಿಕೊಳ್ಳಿ. ಪೆನ್‌ಡ್ರೈವನ್ನು ಹೊಸ ಯಂತ್ರಕ್ಕೆ ಹಾಕಿದೊಡನೆ ವೈರಸ್ ತಪಾಸಣೆ ಮಾಡುವುದನ್ನು ಮಾತ್ರ ಬಿಡಬೇಡಿ, ಎಕ್ಸ್‌ಪಿ ಕಾಲದ ಯಂತ್ರಗಳಲ್ಲಿ ಏನೇನು ಮನೆಮಾಡಿಕೊಂಡಿರುತ್ತದೋ. ಆನಂತರ ಥಂಡರ್‌ಬರ್ಡಿನ 'ಲೋಕಲ್ ಫೋಲ್ಡರ್ಸ್' ಮೇಲೆ ಬಲಗ್ಲಿಕ್ಕು ಮಾಡಿ ಹೊಸ ಫೋಲ್ಡರು ಮಾಡಿ, ಅದರ ಮೇಲೆ ಮತ್ತೆ ಬಲಗ್ಲಿಕ್ಕು ಮಾಡಿ, ಈ ಆಡ್-ಆನ್‌ನ ಮೆನುವಿನಲ್ಲಿ ಡೈರೆಕ್ಟರಿಯೊಂದರ ಎಲ್ಲ ಇಎಂಎಲ್ ಪತ್ರಗಳನ್ನೂ ಒಳತರುವ ಆಯ್ಕೆಯನ್ನು ಆರಿಸಿದರೆ ಪತ್ರಗಳು ಸಾಲಾಗಿ ಬಂದು ಕೂರುತ್ತವೆ.

ಇವು ಫೋನಿನಲ್ಲಿಯೂ ಕಾಣಬೇಕೆಂದರೆ ಥಂಡರ್‌ಬರ್ಡಿಗೆ ಜಿಮೇಲ್ ಖಾತೆಯನ್ನು ಐಮ್ಯಾಪ್ ಮೂಲಕ ಸೇರಿಸಿ, ಅಲ್ಲಿ ಹೊಸ ಫೋಲ್ಡರು ಮಾಡಿ, ಲೋಕಲ್ ಫೋಲ್ಡರಿನಿಂದ ಅದಕ್ಕೆ ನಕಲಿಸಬಹುದು. ಉಚಿತ ಖಾತೆಯ 15 ಜಿಬಿ ಜಾಗವನ್ನು ಮೇಲ್, ಡ್ರೈವ್ ಮತ್ತು ಫೋಟೋಗಳು ಹಂಚಿಕೊಳ್ಳುವುದರಿಂದ ಮೊದಲು ಜಾಗ ನೋಡಿಕೊಳ್ಳಿ. ಐಮ್ಯಾಪ್ ಮೂಲಕ ಏರಿಸುವುದಕ್ಕೆ ದಿನವೊಂದಕ್ಕೆ 500 ಎಂಬಿಯ ಮಿತಿಯೂ ಇರುವುದರಿಂದ ಒಂದೇ ಸಲ ಎಲ್ಲವನ್ನೂ ನೂಕದೆ ಸಲಕ್ಕೆ ಒಂದು ವರ್ಷದ ಪತ್ರಗಳಂತೆ ಏರಿಸುವುದು ಒಳ್ಳೆಯದು.

ದೊಡ್ಡ ಔಟ್‌ಲುಕ್ ಬಳಸುವವರು ಪಿಎಸ್‌ಟಿಯನ್ನು ಹೊಸ ಯಂತ್ರಕ್ಕೆ ನಕಲಿಸಿ, ಅಲ್ಲಿನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ತೆರೆದರೆ ಸಾಕು. ಓಎಸ್‌ಟಿ ಎಂಬ ಫೈಲು ಕಂಡರೆ ಅದನ್ನು ಸಾಗಿಸಲು ಹೋಗಬೇಡಿ, ಅದು ಸರ್ವರಿನ ನಕಲಷ್ಟೆ. ಥಂಡರ್‌ಬರ್ಡಿನಿಂದ ಥಂಡರ್‌ಬರ್ಡಿಗೆ ಹೋಗುವವರಿಗೆ 'ಟೂಲ್ಸ್' ಮೆನುವಿನಲ್ಲಿಯೇ 'ಎಕ್ಸ್‌ಪೋರ್ಟ್' ಇದೆ, ಪತ್ರಗಳೆಲ್ಲ ಇರುವ ಪ್ರೊಫೈಲ್ ಎಂಬ ಫೋಲ್ಡರು 2 ಜಿಬಿಗಿಂತ ದೊಡ್ಡದಾದರೆ ಅದನ್ನು ಕೈಯಾರೆ ನಕಲಿಸಬೇಕು.

ವಿಳಾಸ ಪುಸ್ತಕ, ಅದರಲ್ಲಿಯೂ ಕನ್ನಡದ ಹೆಸರುಗಳು

ಪತ್ರಗಳಿಗಿಂತ ವಿಳಾಸಗಳೇ ಹೆಚ್ಚು ಕಾಟ ಕೊಡುತ್ತವೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ 'ಫೈಲ್' ಮೆನುವಿನಲ್ಲಿ 'ಎಕ್ಸ್‌ಪೋರ್ಟ್', ಅದರಲ್ಲಿ 'ಅಡ್ರೆಸ್ ಬುಕ್', ಅದರಲ್ಲಿ ಸಿಎಸ್‌ವಿ ಪಠ್ಯ (ವಿವರಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯ) ಎಂದು ಆರಿಸಿದರೆ ಯಾವ ಯಾವ ವಿವರಗಳು ಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಅವಸರದಲ್ಲಿ ಮುಂದೆ ಹೋಗದೆ ಪಟ್ಟಿಯನ್ನು ಕೆಳಗಿನವರೆಗೆ ಸರಿಸಿ, ಮೊಬೈಲ್ ನಂಬರಿನ ಮುಂದೆ ಟಿಕ್ ಗುರುತು ಇದೆಯೇ ನೋಡಿ ಹಾಕಿಕೊಳ್ಳಬೇಕು.

ಹೀಗೆ ಬಂದ ಸಿಎಸ್‌ವಿ ಫೈಲನ್ನು ಎರಡು ಸಲ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆಯುವುದೇ ಎಲ್ಲರೂ ಮಾಡುವ ತಪ್ಪು. ಎಕ್ಸೆಲ್‌ಗೆ ಫೋನ್ ನಂಬರೆಂದರೆ ಲೆಕ್ಕದ ಅಂಕಿ. ಮೈಸೂರಿನ 0821 ಅದರ ಕೈಯಲ್ಲಿ 821 ಆಗುತ್ತದೆ, ಮಂಡ್ಯದ 08232 ಅದೇ ರೀತಿ 8232 ಆಗುತ್ತದೆ. ಮೊದಲಿಗೆ 91 ಸೇರಿಸಿ ಬರೆದ ಮೊಬೈಲ್ ನಂಬರು ಹನ್ನೆರಡು ಅಂಕಿಯದಾದ್ದರಿಂದ ಅದು 9.19 ಎಂದು ಶುರುವಾಗಿ ಇ ಪ್ಲಸ್ 11 ಎಂದು ಮುಗಿಯುವ ವೈಜ್ಞಾನಿಕ ಬರಹವಾಗುತ್ತದೆ. ಆ ಸ್ಥಿತಿಯಲ್ಲಿ ಸಿಎಸ್‌ವಿಯಾಗಿ ಸೇವ್ ಮಾಡಿದಿರೋ, ಕೊನೆಯ ಅಂಕಿಗಳು ಶಾಶ್ವತವಾಗಿ ಹೋದವೆಂದೇ ತಿಳಿಯಿರಿ. ಮೊದಲು ಪ್ಲಸ್ ಗುರುತಿದ್ದರೂ ಅದನ್ನು ನುಂಗಿ ಹೀಗೆಯೇ ಮಾಡುತ್ತದೆ. ನಾನು ಇಂತಹ ಕೆಲಸಕ್ಕೆ ಲಿಬ್ರೆ ಆಫೀಸಿನ ಕ್ಯಾಲ್ಕ್ ಅನ್ನೇ ಬಳಸುತ್ತೇನೆ. ಸಿಎಸ್‌ವಿ ತೆರೆಯುವ ಮೊದಲೇ ಅದು ಪೆಟ್ಟಿಗೆಯೊಂದನ್ನು ತೋರಿಸಿ ಅಕ್ಷರ ಸಂಕೇತ ಯಾವುದು, ಯಾವ ಕಂಬಸಾಲು (ಕಾಲಮ್) ಏನು ಎಂದು ಕೇಳುತ್ತದೆ. ಫೋನ್ ಇರುವ ಕಂಬಸಾಲುಗಳನ್ನು 'ಟೆಕ್ಸ್ಟ್' ಎಂದು ಗುರುತಿಸಿದರೆ ಸೊನ್ನೆಗಳು ಸೊನ್ನೆಗಳಾಗಿಯೇ ಉಳಿಯುತ್ತವೆ. ಎಕ್ಸೆಲ್ ಬಿಡಲಾರೆವೆನ್ನುವವರು 'ಡೇಟಾ' ಪಟ್ಟಿಯಲ್ಲಿ ಪಠ್ಯ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆಯ ಮೂಲಕ ಬರಬೇಕು.

ಇನ್ನು ಕನ್ನಡ. ಇಲ್ಲಿ ಮೂರು ಬಗೆಯ ರೋಗಗಳು ಕಾಣಿಸುತ್ತವೆ, ಮೂರಕ್ಕೂ ಮದ್ದು ಬೇರೆ. ಮೊದಲನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಯುನಿಕೋಡ್ ಎಂಬ, ಎಲ್ಲ ಭಾಷೆಗಳಿಗೂ ಜಾಗವಿರುವ ಅಕ್ಷರ ಸಂಕೇತದ ಕನ್ನಡದಲ್ಲಿ ಬರೆದಿದ್ದ ಹೆಸರನ್ನು ಹಳೆಯ ತಂತ್ರಾಂಶ ಆನ್ಸಿ ಎಂಬ ಹಳೆಯ ಸಂಕೇತದ ಪಠ್ಯವಾಗಿ ಹೊರತಂದಾಗ ಹೀಗಾಗುತ್ತದೆ. ಇಂಗ್ಲಿಷಿಗೂ ಐರೋಪ್ಯ ಭಾಷೆಗಳಿಗೂ ಇರುವಂತೆ ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್, ಅಂದರೆ ಅಕ್ಷರಗಳ ಪಟ್ಟಿ, ಇಲ್ಲವಾದ್ದರಿಂದ, ಇಡಲು ಮನೆಯಿಲ್ಲದ ಪ್ರತಿ ಅಕ್ಷರದ ಜಾಗದಲ್ಲಿಯೂ ಪ್ರಶ್ನಾರ್ಥಕ ಕೂರುತ್ತದೆ. ಒಮ್ಮೆ ಹಾಗಾದ ಫೈಲಿನಿಂದ ಹೆಸರನ್ನು ಯಾವ ಮಂತ್ರವೂ ಮರಳಿ ತಾರದು. ಮೂಲದ ವಿಳಾಸ ಪುಸ್ತಕದಲ್ಲಿ ಹೆಸರು ಇನ್ನೂ ಸರಿಯಾಗಿಯೇ ಇರುತ್ತದೆ, ಅದನ್ನು ನೋಡಿಕೊಂಡು ಕೈಯಿಂದ ಟೈಪ್ ಮಾಡಬೇಕು. ನಮ್ಮ ಮಾವನವರ ಪುಸ್ತಕದಲ್ಲಿ ಇಂತಹವು ಇಪ್ಪತ್ತಾರು ಇದ್ದವು, ಒಂದು ಗಂಟೆಯೂ ಹಿಡಿಯಲಿಲ್ಲ.

ಎರಡನೆಯದು ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಹೆಸರುಗಳು. ಯುನಿಕೋಡ್ ಬಳಕೆ ಹರಡುವ ಮೊದಲು ಕನ್ನಡ ಗಣಕ ಪರಿಷತ್ತಿನ ನುಡಿಯೂ 1998ರಲ್ಲಿ ಬಂದ ಬರಹವೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ನಮಗೆ ಕನ್ನಡ ಬರೆಯಲು ಕೊಟ್ಟಿದ್ದವು. ಫಾಂಟು ಇಲ್ಲದ ಕಡೆ ಆ ವೇಷ ಕಳಚುತ್ತದೆ. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದ ಹೊಸ ಯಂತ್ರದಲ್ಲಿ ಪಿ ಎಂಬ ದೊಡ್ಡಕ್ಷರ, ನೆತ್ತಿಯ ಮೇಲೆ ಓರೆ ಗೀಟಿರುವ ಎ, ಅದರ ಪಕ್ಕ ಬ್ರಿಟಿಷರ ಪೌಂಡಿನ ಗುರುತು ಎಂದು ಮೊದಲಾಗುತ್ತದೆ. ನೋಡಲು ಭಯಂಕರವಾದರೂ ಇದು ಮೂರರಲ್ಲಿ ಸುಲಭದ ರೋಗ, ಏಕೆಂದರೆ ಮಾಹಿತಿ ಪೂರ್ತಿ ಉಳಿದಿದೆ. ಆ ಪಠ್ಯವನ್ನು ನುಡಿಯ ಜೊತೆ ಬರುವ ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಿರುಗಿಸಿದರೆ ಹೆಸರು ಹೆಸರಾಗುತ್ತದೆ. ಇಡೀ ಫೈಲನ್ನು ಒಮ್ಮೆಗೇ ಪರಿವರ್ತಿಸಲು ಹೋದರೆ ಇಮೇಲ್ ವಿಳಾಸಗಳ ಇಂಗ್ಲಿಷ್ ಅಕ್ಷರಗಳನ್ನೂ ಕನ್ನಡವೆಂದು ತಿಳಿದು ತಿರುಚಿಬಿಡುವುದರಿಂದ, ಹೆಸರಿನ ಕಂಬಸಾಲನ್ನು ಮಾತ್ರ ಕತ್ತರಿಸಿ ಪರಿವರ್ತಿಸಿ ಮತ್ತೆ ಅಂಟಿಸಬೇಕು.

ಮೂರನೆಯದು ಹಳೆಯ ನೋಕಿಯಾದಂತಹ ಫೋನುಗಳಿಂದ ತೆಗೆದ ವಿಕಾರ್ಡ್ ಎಂಬ ವಿಳಾಸದ ಫೈಲುಗಳಲ್ಲಿ ಕಾಣುವುದು. ವಿಕಾರ್ಡಿನ 2.1 ಆವೃತ್ತಿಯಲ್ಲಿ ಕನ್ನಡದ ಪ್ರತಿ ಅಕ್ಷರವೂ ಸಮಚಿಹ್ನೆ, ಇ, ಸೊನ್ನೆ ಎಂದು ಶುರುವಾಗುವ ಮೂರು ತುಂಡುಗಳ ಸಂಕೇತವಾಗಿರುತ್ತದೆ. ಅದನ್ನು ತಿದ್ದಲು ಹೋಗಬೇಡಿ. ಫೈಲನ್ನು ಹಾಗೆಯೇ ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಕೊಟ್ಟು ನೋಡಿ, ಸಾಮಾನ್ಯವಾಗಿ ಅದು ಬಿಡಿಸಿಕೊಳ್ಳುತ್ತದೆ.

ಪತ್ರಗಳ ಒಡಲಿನಲ್ಲಿಯೂ ಕನ್ನಡ ಕೆಟ್ಟು ಕಂಡರೆ ಥಂಡರ್‌ಬರ್ಡಿನ 'ವ್ಯೂ' ಮೆನುವಿನಲ್ಲಿ ಪಠ್ಯ ಸಂಕೇತವನ್ನು ಸರಿಪಡಿಸುವ ಆಯ್ಕೆಯಿದೆ, ಬಹಳಷ್ಟು ಸಲ ಅದೊಂದೇ ಸಾಕಾಗುತ್ತದೆ.

ಸಿದ್ಧವಾದ ಸಿಎಸ್‌ವಿಯನ್ನು ಯುನಿಕೋಡಿನ ಯುಟಿಎಫ್-8 ಸಂಕೇತದಲ್ಲಿ ಸೇವ್ ಮಾಡಿ, ಶೀರ್ಷಿಕೆಗಳಿರುವ ಮೊದಲ ಸಾಲನ್ನು ಅಳಿಸದೆ ಇಟ್ಟುಕೊಳ್ಳಿ. ಥಂಡರ್‌ಬರ್ಡಿಗೆ ಒಳತರುವಾಗ ಯಾವ ಕಂಬಸಾಲು ಯಾವ ವಿವರವೆಂದು ನೀವೇ ಜೋಡಿಸಬಹುದು. ಗೂಗಲ್ ಕಾಂಟ್ಯಾಕ್ಟ್ಸ್ ಪುಟದಲ್ಲಿ 'ಇಂಪೋರ್ಟ್' ಮಾಡಿದರೆ ಅವು ಆಂಡ್ರಾಯ್ಡ್ ಫೋನಿಗೂ ಬರುತ್ತವೆ, ಹೊಸದಾಗಿ ಬಂದವಕ್ಕೆಲ್ಲ ಆ ದಿನದ ಲೇಬಲ್ ಅಂಟಿರುತ್ತದೆ. ಮೊದಲು ಐದೇ ಹೆಸರುಗಳಿರುವ ಚಿಕ್ಕ ಫೈಲು ಮಾಡಿ ಪರೀಕ್ಷಿಸಿ: ಒಂದು ಕನ್ನಡದ ಹೆಸರು, ಒಂದು ಎರಡು ನಂಬರುಗಳಿರುವ ಹೆಸರು, ಒಂದು 0821ರ ದೂರವಾಣಿ ಅದರಲ್ಲಿರಲಿ. ಪೂರ್ತಿ ಹಾಕಿದ ಮೇಲೆ ಕೆಟ್ಟಿದೆಯೆಂದು ತಿಳಿದರೂ ಗಾಬರಿ ಬೇಡ, ಹಿಂದಿನ 30 ದಿನಗಳೊಳಗಿನ ಯಾವುದೇ ಸ್ಥಿತಿಗೆ ಕಾಂಟ್ಯಾಕ್ಟ್ಸ್ ಅನ್ನು ಮರಳಿಸುವ ಸೌಲಭ್ಯ ಅಲ್ಲಿಯೇ ಇದೆ.

ಹಳೆಯ ಯಂತ್ರ ಚಾಲೂ ಆಗದಿದ್ದರೆ

ಕಂಪ್ಯೂಟರು ಏಳದಿದ್ದ ಮಾತ್ರಕ್ಕೆ ಡಿಸ್ಕು ಸತ್ತಿದೆಯೆಂದಲ್ಲ, ಬಹಳ ಸಲ ಹೋಗಿರುವುದು ಪವರ್ ಸಪ್ಲೈ. ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಜೋಡಿಸಬಹುದು. ಅಂಗಡಿಗೆ ಹೋಗುವ ಮೊದಲು ಡಿಸ್ಕಿನ ಹಿಂಭಾಗ ನೋಡಿ: ಸೂಜಿಗಳ ಎರಡು ಸಾಲಿದ್ದು ಅಗಲವಾದ ಪಟ್ಟಿಯಂತಹ ಕೇಬಲ್ ಕೂರುತ್ತಿದ್ದರೆ ಅದು ಐಡಿಇ, ಸಣ್ಣ ಚಪ್ಪಟೆ ಸೀಳು ಇದ್ದರೆ ಸಾಟಾ. ಎರಡನ್ನೂ ಹಿಡಿಸುವ ಅಡಾಪ್ಟರನ್ನೇ ಕೇಳಿ, ಮೇಜಿನ ಕಂಪ್ಯೂಟರಿನ ದೊಡ್ಡ ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಪೂರೈಕೆಯೂ ಅದರಲ್ಲಿರಬೇಕು. ಬಳಕೆದಾರರ ಫೋಲ್ಡರು ತೆರೆಯುವಾಗ ಅನುಮತಿಯಿಲ್ಲವೆಂದು ಹೇಳಿದರೆ 'ಕಂಟಿನ್ಯೂ' ಒತ್ತಿ ಅಥವಾ ಪ್ರಾಪರ್ಟೀಸ್‌ನ 'ಸೆಕ್ಯುರಿಟಿ' ಪುಟದಲ್ಲಿ ಒಡೆತನ ತೆಗೆದುಕೊಳ್ಳಬೇಕು. ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಮಾತ್ರ ಕೂಡಲೇ ನಿಲ್ಲಿಸಿ, ಮನೆಮದ್ದು ಮಾಡದೆ ದತ್ತಾಂಶ ಮರಳಿ ಪಡೆಯುವವರ ಕೈಗೆ ಕೊಡಿ.

ಎಣಿಸಿ ನೋಡುವುದು

ಈಗ ಕಾಗದದ ಮೇಲಿನ ಸಂಖ್ಯೆಗಳನ್ನು ತೆಗೆಯಿರಿ. ಪ್ರತಿ ಫೋಲ್ಡರಿನಲ್ಲಿ ಹಳೆಯದರಲ್ಲಿ ಎಷ್ಟಿದ್ದವು, ಹೊಸದರಲ್ಲಿ ಎಷ್ಟಿವೆ ಎಂದು ಹೋಲಿಸಿದಾಗ ನನಗೆ ಸೆಂಟ್ ಫೋಲ್ಡರಿನಲ್ಲಿ ಹನ್ನೊಂದು ಕಡಿಮೆ ಬಂದವು. ಎಳೆಯುವಾಗ ಒಂದು ಉದ್ದ ಹೆಸರಿನ ಪತ್ರಕ್ಕೆ ಯಂತ್ರ ನಿಂತು, ಅದರ ನಂತರದವು ಬಿಟ್ಟುಹೋಗಿದ್ದವು. ಎಣಿಕೆಯಾದ ಮೇಲೆ ಅತ್ಯಂತ ಹಳೆಯ ಪತ್ರ, ಅತ್ಯಂತ ದೊಡ್ಡ ಲಗತ್ತಿರುವ ಪತ್ರ ಮತ್ತು ಕನ್ನಡದಲ್ಲಿರುವ ಒಂದು ಪತ್ರವನ್ನು ತೆರೆದು ಓದಿ. ಹುಡುಕಿ ನೋಡುವಾಗ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾದುದು ನೆನಪಿರಲಿ, ಅದಕ್ಕೂ ಹಿಂದಿನ ಪತ್ರಗಳು ಮೈಸೂರಿನ ಹಳೆಯ ಕಾಗುಣಿತಕ್ಕೆ ಮಾತ್ರ ಸಿಗುತ್ತವೆ. ಮಂಡ್ಯದವರಿಗೆ ಆ ತಾಪತ್ರಯವಿಲ್ಲ.

ಇಎಂಎಲ್ ಫೋಲ್ಡರು ಮತ್ತು ಸಿಎಸ್‌ವಿ ಫೈಲುಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟ ಮೇಲೂ ಹಳೆಯ ಯಂತ್ರವನ್ನು ಒಡನೆಯೇ ಗುಜರಿಗೆ ಹಾಕಬೇಡಿ. ಆರು ತಿಂಗಳು ಅಟ್ಟದ ಮೇಲಿರಲಿ, ಬಿಟ್ಟುಹೋದದ್ದು ಏನಾದರೂ ಇದ್ದರೆ ಅಷ್ಟರೊಳಗೆ ನೆನಪಾಗುತ್ತದೆ. ಕೊಡುವ ಕಾಲ ಬಂದಾಗಲೂ ಡಿಸ್ಕನ್ನು ಬಿಚ್ಚಿಟ್ಟುಕೊಂಡು ಉಳಿದುದನ್ನು ಕೊಡಿ, ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಬ್ಯಾಂಕಿನ ಪತ್ರಗಳನ್ನು ಮರಳಿ ತೆಗೆಯುವುದು ಕಷ್ಟವಲ್ಲ. ಮಂಡ್ಯದ ಆ ಡಿಸ್ಕು ಈಗ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು, ಸೈಟಿನ ಕ್ರಯಪತ್ರವಿರುವ ಟ್ರಂಕಿನಲ್ಲಿದೆ. ಕಸೂತಿ ಬಟ್ಟೆ ಲ್ಯಾಪ್‌ಟಾಪಿನ ಮೇಲೆ ಬಂದಿದೆ.